ಬಲಗಡೆಯ ಬೆಸುಗೆ

"ಮುಂದಿನ ಭಾಗ ಭಾರ ಸಾರ್, ಹುಷಾರು," ಎಂದರು ಆಕೆ. ಕಿವಿ ಮೇಷ್ಟ್ರು ಸೊಂಟ ಬಗ್ಗಿಸಿ ತಮ್ಮ ಕಡೆಯ ಅಂಚು ಹಿಡಿದುಕೊಂಡರು. ಹಳೆಯ ಕಂಬಳಿಯಲ್ಲಿ ಸುತ್ತಿದ್ದ ಆ ಪೆಟ್ಟಿಗೆಯನ್ನು ಇಬ್ಬರೂ ಸೇರಿ ಒಂದೊಂದೇ ಮೆಟ್ಟಿಲು ಹತ್ತಿಸಿ, ಹಾಲ್ ದಾಟಿಸಿ, ಒಳಕೋಣೆಯ ಕೆಲಸದ ಮೇಜಿನ ಮೇಲೆ ಇಳಿಸುವಷ್ಟರಲ್ಲಿ ಮೇಷ್ಟ್ರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಆಕೆಗೂ ಅರವತ್ತರ ಹತ್ತಿರ ವಯಸ್ಸು, ಆದರೆ ಏದುಸಿರು ಕೂಡ ಬಿಡಲಿಲ್ಲ. ಕಂಬಳಿ ಬಿಚ್ಚಿ, ಮಡಿಸಿ, ಕಂಕುಳಲ್ಲಿ ಇಟ್ಟುಕೊಂಡು, "ಗುರುತು ಸಿಕ್ತಾ?" ಎಂದು ಕೇಳಿದರು.

ಯಂತ್ರದ ಗುರುತು ತಕ್ಷಣ ಸಿಕ್ಕಿತು. ಬೂದು ಬಣ್ಣದ ದಪ್ಪ ಮುಖ, ನಡುವೆ ಒಂದೇ ಒಂದು ತಿರುಗುವ ಗುಂಡಿ, ಎರಡೂ ಪಕ್ಕದಲ್ಲಿ ಶಾಖ ಹೊರಹಾಕುವ ಲೋಹದ ರೆಕ್ಕೆಗಳು. ಇಪ್ಪತ್ತೆಂಟು ಕಿಲೋ ತೂಗುವ ಆಂಪ್ಲಿಫೈಯರ್. ಹಿಂಬದಿಯಲ್ಲಿ ಪತ್ರಿಕೆಯ ಅಂಟುಚೀಟಿ ಅರ್ಧ ಹರಿದು ಉಳಿದಿತ್ತು. ಹನ್ನೆರಡು ವರ್ಷದ ಹಿಂದೆ ಇದೇ ಮೇಜಿನ ಮೇಲೆ ಕೂತಿದ್ದ ಯಂತ್ರ ಅದು. ಆಕೆಯ ಗುರುತು ಮಾತ್ರ ಸಿಗಲಿಲ್ಲ.

ಮೇಷ್ಟ್ರು ಎಂದರೆ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಸಂಗೀತ ಕೇಳುವ ಯಂತ್ರಗಳ ಮಾಸಪತ್ರಿಕೆಯೊಂದಕ್ಕೆ ಇಪ್ಪತ್ತೈದು ವರ್ಷದಿಂದ ಬರೆಯುತ್ತಿದ್ದವರು, ಓದುಗರು ಪ್ರೀತಿಯಿಂದ ಇಟ್ಟ ಹೆಸರು ಅದು. ಯಾವ ಆಂಪ್ಲಿಫೈಯರ್ ಎಷ್ಟು ಇಂಪು ಎಂದು ಬರೆಯುವವರು ಬೇಕಾದಷ್ಟಿದ್ದರು. ಮೇಷ್ಟ್ರು ಬರೆಯುತ್ತಿದ್ದದ್ದು ಅದು ಎಷ್ಟು ವರ್ಷ ಬಾಳುತ್ತದೆ, ಕೈಕೊಟ್ಟ ದಿನ ಯಾರು ಫೋನ್ ಎತ್ತುತ್ತಾರೆ, ಎತ್ತಿದವರು ಏನು ಮಾಡುತ್ತಾರೆ ಎಂಬುದನ್ನು. ಯಾವ ಕಂಪನಿಯನ್ನು ನಂಬಬಹುದು ಎಂಬ ಅವರ ಪಟ್ಟಿ ವರ್ಷಕ್ಕೊಮ್ಮೆ ಬಂದಾಗ ದೊಡ್ಡ ದೊಡ್ಡ ಕಂಪನಿಗಳು ಉಸಿರು ಬಿಗಿಹಿಡಿಯುತ್ತಿದ್ದವು. ಯಂತ್ರದೊಳಗಿನ ಸೊಳ್ಳೆ ಹಾರಿದ ಸದ್ದು ಕೇಳುತ್ತದೆ, ಒಲೆ ಮೇಲೆ ಹಾಲು ಉಕ್ಕಿದ್ದು ಕೇಳುವುದಿಲ್ಲ ಎಂದು ಹೆಂಡತಿ ಆಗಾಗ ಅಣಕಿಸುತ್ತಿದ್ದಳು.

ಅವರ ಪರೀಕ್ಷೆಯ ಕ್ರಮವೇ ಬೇರೆ. ಹೊಸ ಯಂತ್ರದ ತಳ ಬಿಚ್ಚಿ, ಒಳಗಿನ ಒಂದು ಬೆಸುಗೆಗೆ ಬ್ಲೇಡಿನ ತುದಿಯಿಂದ ಕೂದಲೆಳೆಯಷ್ಟು ಬಿರುಕು ಮಾಡುತ್ತಿದ್ದರು. ಎಲ್ಲಿ ಎಂದು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಬೇರೆ ಯಾರದೋ ಹೆಸರಿನಲ್ಲಿ ಸರ್ವಿಸ್ ಸೆಂಟರಿಗೆ ಕಳಿಸುತ್ತಿದ್ದರು. ವಾಪಸು ಬಂದಾಗ ಬಿಚ್ಚಿ ನೋಡುವುದು: ಬಿರುಕು ಹುಡುಕಿ ಬೆಸೆದಿದ್ದಾರೋ, ಅಥವಾ ಧೂಳು ಒರೆಸಿ, ರಿಪೇರಿಯ ವಿವರ ಬರೆಯುವ ಜಾಬ್ ಕಾರ್ಡಿನಲ್ಲಿ ಕಥೆ ಬರೆದಿದ್ದಾರೋ. ಪಟ್ಟಿಯಲ್ಲಿ ಹೆಸರು ಕೆಟ್ಟವರು ಬರೆಯುವ ಪತ್ರಗಳನ್ನು ಅವರು ಒಡೆಯದೆ, ದೂರಿನ ಪೆಟ್ಟಿಗೆ ಎಂದು ಹೆಸರಿಟ್ಟಿದ್ದ ಒಂದು ಪೆಟ್ಟಿಗೆಗೆ ಹಾಕಿಬಿಡುತ್ತಿದ್ದರು. ಅಳು ಕೇಳುತ್ತ ಕೂತರೆ ಮನಸ್ಸು ಕರಗುತ್ತದೆ, ಮನಸ್ಸು ಕರಗಿದರೆ ಪಟ್ಟಿ ಪಟ್ಟಿಯಾಗಿ ಉಳಿಯುವುದಿಲ್ಲ ಎನ್ನುವುದು ಅವರ ನಿಯಮ. ಆ ನಿಯಮದ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಇತ್ತು.

"ಸರ್ವಿಸ್ ಸೆಂಟರಲ್ಲಿ ಪೆನ್ಸಿಲ್ ಅಂತಿದ್ರಲ್ಲ, ನಾನು ಅವ್ರ ಹೆಂಡ್ತಿ," ಎಂದರು ಆಕೆ.

ಮೇಷ್ಟ್ರಿಗೆ ಆಗ ಎಲ್ಲವೂ ನೆನಪಾಯಿತು. ಯಾವಾಗಲೂ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದ ತೆಳ್ಳಗಿನ ಮನುಷ್ಯ. ಆ ವರ್ಷ ಈ ಯಂತ್ರವನ್ನು ರಿಪೇರಿ ಮಾಡಿದವರು ಅವರೇ. ಮೇಷ್ಟ್ರು ಬಿರುಕು ಮಾಡಿದ್ದು ಎಡ ಸ್ಪೀಕರಿಗೆ ಸದ್ದು ಕಳಿಸುವ ಎಡ ಚಾನೆಲ್‌ನ ಮೂರನೆಯ ಬೆಸುಗೆಗೆ. ವಾಪಸು ಬಂದಾಗ ನೋಡಿದರೆ ಅಲ್ಲಿ ಅದೇ ಹಳೆಯ ಮಂಕು ಬೆಸುಗೆ, ಕೈ ತಾಗಿಸಿದ ಗುರುತೇ ಇಲ್ಲ. ಜಾಬ್ ಕಾರ್ಡಿನಲ್ಲಿ ಮಾತ್ರ 'ಬಲ ಚಾನೆಲ್, ಬಿರುಕು, ಹೊಸ ಬೆಸುಗೆ' ಎಂದಿತ್ತು. ಸುಳ್ಳು ಹೇಳುವುದನ್ನೂ ಸರಿಯಾಗಿ ಕಲಿತಿಲ್ಲ ಎಂದು ಮೇಷ್ಟ್ರು ಪತ್ರಿಕೆಯಲ್ಲಿ ಬರೆದರು. ಓದಿದವರು ನಕ್ಕರು. ಕಂಪನಿ ಆ ವಾರವೇ ಪೆನ್ಸಿಲ್ಲನ್ನು ಮನೆಗೆ ಕಳಿಸಿತು.

ಆಕೆ ಕಂಬಳಿಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿಕೊಂಡರು. ಪತ್ರಿಕೆಯವರು ಹಳೆಯ ಸಾಮಾನು ವಿಲೇವಾರಿ ಮಾಡಿದಾಗ ತಮ್ಮ ಯಜಮಾನರು ಹುಡುಕಿಕೊಂಡು ಹೋಗಿ ಇದನ್ನೇ ಕೊಂಡುಕೊಂಡರು, ಹಾಡು ಕೇಳುವುದಕ್ಕಲ್ಲ, ಸುಮ್ಮನೆ ಇಟ್ಟುಕೊಳ್ಳುವುದಕ್ಕೆ ಎಂದರು. ಹೋದ ವರ್ಷ ತೀರಿಕೊಂಡರಂತೆ.

"ಕೆಲ್ಸ ಹೋಗಿದ್ದಕ್ಕೆ ಅವ್ರು ಯಾವತ್ತೂ ಏನೂ ಅನ್ಲಿಲ್ಲ ಸಾರ್. ಸುಳ್ಳ ಅನ್ನಿಸ್ಕೊಂಡಿದ್ದನ್ನ ಮಾತ್ರ ನುಂಗಕ್ಕಾಗ್ಲಿಲ್ಲ. ಇನ್ನೊಂದ್ಸಲ ಬಿಚ್ಚಿ ನೋಡಿ. ನೀವು ಬರೆದಿದ್ದೇ ಸರಿ ಅಂದ್ರೆ ಎತ್ಕೊಂಡು ಹೋಗ್ತೀನಿ, ಮತ್ತೆ ಈ ಕಡೆ ತಲೆ ಹಾಕಲ್ಲ. ತಪ್ಪು ಅಂದ್ರೆ ಎಲ್ಲಿ ಬರೆದ್ರೋ ಅಲ್ಲೇ ಬರೀಬೇಕು."

ಆಗಲಿ, ಶನಿವಾರ ಬನ್ನಿ ಎಂದರು ಮೇಷ್ಟ್ರು. ಅಂದು ಸೋಮವಾರ. ಅವರಿಗೆ ಅನುಮಾನವೇ ಇರಲಿಲ್ಲ. ಆಕೆ ಬಾಗಿಲವರೆಗೆ ಹೋದವರು ತಿರುಗಿ ನಿಂತು, ಮನೆಯಲ್ಲಿ ಅದನ್ನು ಆನ್ ಮಾಡುವುದಕ್ಕೆ ತನಗೆ ಧೈರ್ಯವಾಗುತ್ತಿಲ್ಲ ಎಂದರು. ಯಾಕೆ ಎಂದು ಮೇಷ್ಟ್ರು ಕೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಯಂತ್ರಕ್ಕೆ ಎರಡು ಸ್ಪೀಕರ್ ಜೋಡಿಸಿ, ಹಾಡಿನ ತಂತಿ ಯಾವುದನ್ನೂ ಸೇರಿಸದೆ, ಬರೀ ಕರೆಂಟು ಕೊಟ್ಟು ಬಿಟ್ಟರು. ಅದು ಅವರ ಮೊದಲ ಪರೀಕ್ಷೆ: ಯಂತ್ರ ಏನೂ ಮಾಡದೆ ಕೂತಾಗ ಎಷ್ಟು ಸುಮ್ಮನಿರುತ್ತದೆ ಎಂದು ನೋಡುವುದು. ಸ್ಪೀಕರಿಗೆ ಕಿವಿ ಹಚ್ಚಿದರೂ ಉಸಿರಿನಷ್ಟು ಸದ್ದಿಲ್ಲ. ಹನ್ನೆರಡು ವರ್ಷದ ಯಂತ್ರಕ್ಕೆ ಇದು ದೊಡ್ಡ ಮಾತು. ಮಧ್ಯಾಹ್ನ ಊಟ ಮಾಡಿ ಬಂದು ಕುರ್ಚಿಯಲ್ಲಿ ಕೂತರು. ಕಿಟಕಿಯಿಂದ ಬಿಸಿಲು ಮೇಜಿನ ಅರ್ಧದವರೆಗೆ ಬಂದಿತ್ತು. ಗಂಟೆ ಮೂರಾಗಿರಬೇಕು.

ಟಕ್, ಟಕ್, ಟಕ್.

ನಾಲ್ಕೈದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಮತ್ತೆ ಟಕ್, ಟಕ್, ಟಕ್. ಬಲಗಡೆಯ ಸ್ಪೀಕರಿನಿಂದ, ಮೆಲ್ಲಗೆ, ಸ್ಪಷ್ಟವಾಗಿ.

"ಯಾರೋ ಬಾಗ್ಲು ತಟ್ತಿದಾರೆ, ನೋಡ್ರೀ," ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು. ಬಾಗಿಲಲ್ಲಿ ಯಾರೂ ಇಲ್ಲ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಆದರೂ ಎದ್ದು ಹೋಗಿ ತೆರೆದು ನೋಡಿ ಬಂದರು.

ಸದ್ದು ಅರ್ಧ ಗಂಟೆ ನಡೆದು ತಾನೇ ನಿಂತಿತು. ಮೇಷ್ಟ್ರು ಇಂಥವನ್ನು ನೂರಾರು ಕಂಡವರು. ಬುಧವಾರ ಬೆಳಿಗ್ಗೆ ಎಡಬಲ ಸ್ಪೀಕರ್ ಅದಲುಬದಲು ಮಾಡಿದರು. ತಂತಿಗಳನ್ನು ಬದಲಿಸಿದರು. ಬೇರೆ ಗೋಡೆಯ ಪ್ಲಗ್ಗಿಗೆ ಹಾಕಿದರು. ಲೋಹದ ರೆಕ್ಕೆಗಳು ಕಾದು ಹಿಗ್ಗುವಾಗ ಸದ್ದು ಮಾಡುವುದುಂಟು, ಅದಕ್ಕೆಂದು ಫ್ಯಾನ್ ಇಟ್ಟು ತಂಪು ಮಾಡಿದರು. ಮೂರು ಗಂಟೆಗೆ ಸರಿಯಾಗಿ ಮತ್ತೆ ಶುರುವಾಯಿತು, ಏನು ಬದಲಿಸಿದರೂ ಯಂತ್ರದ ಬಲ ಚಾನೆಲ್‌ನಿಂದಲೇ. ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಂದು ಸ್ವಲ್ಪ ಹೊತ್ತು ಕೇಳಿದಳು. "ಇದು ಯಂತ್ರದ ಸದ್ದಲ್ಲ. ಯಾರೋ ತಟ್ಟಿ ನೋಡ್ತಿರೋ ಹಾಗಿದೆ," ಎಂದಳು. ಕೆಲಸಕ್ಕೆ ಬಾರದ ಮಾತು ಎಂದು ಮೇಷ್ಟ್ರು ಗದರಿಸಿದರು, ಆದರೆ ಸ್ಪೀಕರಿನ ಮುಂದಿನಿಂದ ಕದಲಲಿಲ್ಲ.

ಯಾಕೆಂದರೆ ಆ ಲಯವನ್ನು ಅವರು ಮುಂಚೆ ಕಂಡಿದ್ದರು. ಕಂಡಿದ್ದರು ಎಂದೇ ಹೇಳಬೇಕು, ಕೇಳಿರಲಿಲ್ಲ. ಹಿಂದೊಮ್ಮೆ ಗಿರಾಕಿಯ ವೇಷದಲ್ಲಿ ಆ ಸರ್ವಿಸ್ ಸೆಂಟರಿಗೆ ಹೋಗಿದ್ದಾಗ, ಗಾಜಿನ ಆಚೆ ಪೆನ್ಸಿಲ್ ಕೆಲಸ ಮಾಡುತ್ತಿದ್ದರು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಅದರ ಹಿಂತುದಿಯಿಂದ ಒಂದು ಬೆಸುಗೆಯ ಮೇಲೆ ಮೂರು ಸಲ ತಟ್ಟುವುದು, ತಲೆ ವಾಲಿಸಿ ಕೇಳುವುದು, ಪಕ್ಕದ ಬೆಸುಗೆಗೆ ಹೋಗುವುದು. ಸಡಿಲವಾದ ಬೆಸುಗೆಯಾದರೆ ತಟ್ಟಿದ್ದು ಸ್ಪೀಕರಿನಲ್ಲಿ ಕೇಳುತ್ತದೆ, ಗಟ್ಟಿಯಾಗಿದ್ದರೆ ಏನೂ ಕೇಳುವುದಿಲ್ಲ. ಹಳಬರ ಪದ್ಧತಿ ಅದು. ಮೀಟರ್ ಹಿಡಿದವರು ಅದನ್ನು ಕಂಡು ಮೂಗು ಮುರಿಯುತ್ತಿದ್ದರು. ಮೇಷ್ಟ್ರೂ ಮುರಿದಿದ್ದರು.

ಗುರುವಾರ ಅವರು ಯಂತ್ರದ ಪ್ಲಗ್ ಕಿತ್ತು, ಒಳಗೆ ಉಳಿಯುವ ಕರೆಂಟನ್ನೂ ಪೂರ್ತಿ ಇಳಿಸಿ, ತಳ ಬಿಚ್ಚಿದರು. ಹನ್ನೆರಡು ವರ್ಷದ ಹಿಂದೆ ಮಾಡಿದ್ದ ಹಾಗೆಯೇ ಯಂತ್ರವನ್ನು ಹಿಂಬದಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಎಡಗಡೆಯ ಮೂರನೆಯ ಬೆಸುಗೆಗೆ ದೀಪ ಬಿಟ್ಟರು. ಹಳೆಯದು, ಮಂಕಾದದ್ದು, ಯಾರೂ ಮುಟ್ಟದ್ದು. ತಾವು ಬರೆದದ್ದೇ ಸರಿ. ಅವರಿಗೆ ಎಷ್ಟು ಹಾಯೆನಿಸಿತೆಂದರೆ ಒಂದು ಲೋಟ ನೀರು ತರಿಸಿ ಕುಡಿದರು.

ಲೋಟ ಕೆಳಗಿಡುವಾಗ ಸದ್ದು ಬಂತು. ಮೂರು ಸಲ. ಈ ಸಲ ಸ್ಪೀಕರಿನಿಂದಲ್ಲ, ಬಿಚ್ಚಿಟ್ಟ ಯಂತ್ರದೊಳಗಿನಿಂದಲೇ.

ಲೋಟಕ್ಕಾಗಿ ಕಾದು ನಿಂತಿದ್ದ ಹೆಂಡತಿ ನೆಲದ ಮೇಲೆ ಬಿದ್ದಿದ್ದ ಪ್ಲಗ್ಗನ್ನೂ ಗಂಡನ ಮುಖವನ್ನೂ ನೋಡಿದಳು. ಲೋಟ ಎತ್ತಿಕೊಂಡು ಅಡುಗೆಮನೆಗೆ ನಡೆದಳು.

ಅವಳು ಹೋದ ಮೇಲೆ ಅವರು ಬೀರುವಿನಿಂದ ಆ ವರ್ಷದ ನೋಟ್‌ಬುಕ್ ತೆಗೆದರು. ತಮ್ಮದೇ ಅಕ್ಷರ: 'ಮಗುಚಿ ಹಾಕಿದೆ. ಎಡಗೈ ಕಡೆ, ಮೂರನೆಯ ಬೆಸುಗೆ. ಎಡ ಚಾನೆಲ್. ಕೊರಿಯರ್‌ನವನು ಬಾಗಿಲಲ್ಲಿದ್ದಾನೆ, ಯಂತ್ರ ಆನ್ ಮಾಡಿ ನೋಡಲು ಸಮಯವಿಲ್ಲ.'

ಮಗುಚಿ ಹಾಕಿದೆ. ಮೇಷ್ಟ್ರು ಆ ಎರಡು ಪದದ ಮೇಲೆ ಬೆರಳಿಟ್ಟರು. ಯಂತ್ರವನ್ನು ನೆಟ್ಟಗೆ ಎತ್ತಿ ನಿಲ್ಲಿಸಿದರೆ ಅದರ ಎಡ ನಮ್ಮ ಎಡಕ್ಕೇ ಇರುತ್ತದೆ. ನಿದ್ದೆಯಲ್ಲಿ ಮಗ್ಗುಲಾದ ಮನುಷ್ಯನ ಹಾಗೆ ಮಗುಚಿ ಹಾಕಿದರೆ ಅದರ ಬಲ ನಮ್ಮ ಎಡಗೈ ಕೆಳಗೆ ಬರುತ್ತದೆ. ಈ ಯಂತ್ರದ ಎಡವೂ ಬಲವೂ ಅವಳಿಜವಳಿ, ಅಲ್ಲಿರುವ ಪ್ರತಿ ಬೆಸುಗೆಗೂ ಇಲ್ಲೊಂದು ಜೋಡಿ. ಬಿರುಕು ಮಾಡುವ ದಿನ ಅವರು ಮಗುಚಿದ್ದರು. ಪರೀಕ್ಷಿಸುವ ದಿನ ನಿಲ್ಲಿಸಿದ್ದರು. ಅಂದು ಬಲಗಡೆ ನೋಡುವ ಅಗತ್ಯವೇ ಅವರಿಗೆ ಕಂಡಿರಲಿಲ್ಲ.

ಈಗ ಭೂತಗನ್ನಡಿ ಹಿಡಿದು ನೋಡಿದರು. ಎಡಗಡೆಯ ಮೂರನೆಯದರಲ್ಲಿ ಬಿರುಕೇ ಇರಲಿಲ್ಲ. ಬಲಗಡೆಯ ಮೂರನೆಯದು ಉಳಿದೆಲ್ಲವುಗಳಿಗಿಂತ ಹೊಳೆಯುತ್ತಿತ್ತು. ತುಂಬಿಕೊಂಡ, ನುಣುಪಾದ, ಕೈ ಪಳಗಿದವರ ಬೆಸುಗೆ. ಅದರ ಪಕ್ಕದಲ್ಲಿ ಬ್ಲೇಡು ಜಾರಿದ ಗೀರು, ತಮ್ಮದೇ ಬ್ಲೇಡು. ಅದರ ಪಕ್ಕದ ಲೋಹದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಸಣ್ಣ ಅಕ್ಷರದ ಸಾಲುಗಳು. ಪ್ರತಿ ಸಾಲಿನಲ್ಲೂ ಅದೇ ದಿನ, ಅದೇ ತಿಂಗಳು, ವರ್ಷ ಮಾತ್ರ ಬೇರೆ. ಮುಂದೆ 'ಬಲ ೩, ಸರಿ ಇದೆ'. ಒಟ್ಟು ಹನ್ನೊಂದು ಸಾಲು. ಸುಳ್ಳ ಎನ್ನಿಸಿಕೊಂಡ ಮನುಷ್ಯ ಬದುಕಿದ್ದಷ್ಟು ಕಾಲ ವರ್ಷಕ್ಕೊಮ್ಮೆ ಇದನ್ನು ಬಿಚ್ಚಿ, ತಾನು ಮಾಡಿದ ಕೆಲಸ ಇನ್ನೂ ಅಲ್ಲೇ ಇದೆಯೇ ಎಂದು ನೋಡಿಕೊಂಡಿದ್ದ.

ಸಂಜೆ ಅವರು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಅವಳು ಕೇಳಿಸಿಕೊಂಡು, ಬೀರುವಿನ ಕೆಳಗಿನ ಅರೆಯಿಂದ ದೂರಿನ ಪೆಟ್ಟಿಗೆ ತೆಗೆದು, ಹುಡುಕಿ, ಮೂರು ಲಕೋಟೆ ತಂದು ಮುಂದಿಟ್ಟಳು. ಮೂರೂ ಒಡೆದಿರಲಿಲ್ಲ.

"ಮೂರು ಬಂದಿತ್ತು. ಓದ್ಲಾ ಅಂತ ನಾನೇ ಕೇಳಿದ್ದೆ, ಬೇಡ ಅಂದ್ರಿ. ಆಮೇಲೆ ನಾನೂ ಕೇಳೋದು ಬಿಟ್ಟೆ."

ಮೊದಲನೆಯದರಲ್ಲಿ ನಾಲ್ಕೇ ಸಾಲಿತ್ತು. ಮಾನ್ಯರೇ, ತಾವು ದೊಡ್ಡವರು, ತಮ್ಮ ಕೈಯಲ್ಲಿ ತಪ್ಪಾಗಿದೆ ಎಂದು ಹೇಳುತ್ತಿಲ್ಲ. ಯಂತ್ರವನ್ನು ಮಗುಚಿ ಹಾಕಿ ಇನ್ನೊಮ್ಮೆ ನೋಡಬೇಕಾಗಿ ಬೇಡಿಕೊಳ್ಳುತ್ತೇನೆ. ಎರಡನೆಯದರಲ್ಲೂ ಅದೇ ಇತ್ತು. ಮೂರನೆಯದರಲ್ಲಿ 'ಮಗುಚಿ ಹಾಕಿ' ಎಂಬುದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿತ್ತು.

ಶುಕ್ರವಾರ ಸಂಪಾದಕರಿಗೆ ಫೋನ್ ಮಾಡಿದರು. ಇಪ್ಪತ್ತೈದನೆಯ ವರ್ಷದ ಪಟ್ಟಿ ಮುಂದಿನ ತಿಂಗಳು ಬರಬೇಕಿತ್ತು, ಮುಖಪುಟದಲ್ಲಿ ಮೇಷ್ಟ್ರ ಚಿತ್ರ ಕೂಡ ಅಚ್ಚಿಗೆ ತಯಾರಾಗಿತ್ತು. ಸಂಪಾದಕರು ತಾಳ್ಮೆಯಿಂದ ಕೇಳಿದರು. ಆ ಕಂಪನಿಯೇ ಈಗ ಇಲ್ಲ, ಆ ಮನುಷ್ಯನೂ ಇಲ್ಲ, ನೆನಪಿಟ್ಟುಕೊಂಡವರಂತೂ ಯಾರೂ ಇಲ್ಲ. ಒಂದು ತಪ್ಪು ಒಪ್ಪಿಕೊಂಡರೆ ಹಿಂದಿನ ಇಪ್ಪತ್ನಾಲ್ಕು ಪಟ್ಟಿಗಳನ್ನೂ ಜನ ಕೆದಕುತ್ತಾರೆ, ಸುಮ್ಮನೆ ಇರುವೆಗೂಡಿಗೆ ಕೈ ಹಾಕಬೇಡಿ ಎಂದರು. ಆ ಹೆಂಗಸಿಗೆ ಯಂತ್ರದ ಒಳಗು ಏನು ಗೊತ್ತಾಗುತ್ತದೆ, ನೋಡಿದೆ, ಹಾಗೇ ಇದೆ ಎಂದು ಹೇಳಿ ಕಳಿಸಿ ಎಂದರು. ಮೇಷ್ಟ್ರು ಫೋನ್ ಇಟ್ಟರು. ಆ ಮಾತು ಅವರಿಗೆ ಹಿತವಾಗಿಯೇ ಕೇಳಿಸಿತ್ತು. ಸುಳ್ಳು ಹೇಳಬೇಕಾಗಿಯೂ ಇಲ್ಲ, ಎಡಗಡೆಯ ಬೆಸುಗೆ ನಿಜವಾಗಿಯೂ ಹಾಗೇ ಇತ್ತಲ್ಲ.

ಯಂತ್ರವನ್ನು ಮಗುಚಿ, ತಳದ ತಗಡು ಮುಚ್ಚಿ, ಸ್ಕ್ರೂ ತಿರುಗಿಸತೊಡಗಿದರು. ಆರು ಸ್ಕ್ರೂ. ನಾಲ್ಕನೆಯದಕ್ಕೆ ಬರುವಾಗ ಬಿಸಿಲು ಮೇಜಿನ ಅರ್ಧಕ್ಕೆ ಬಂದಿತ್ತು. ಎಡಗೈ ಅಂಗೈಯಿಂದ ತಗಡನ್ನು ಒತ್ತಿ ಹಿಡಿದಿದ್ದರು. ಆ ಅಂಗೈಗೆ ಕೆಳಗಿನಿಂದ ತಟ್ಟಿದಂತಾಯಿತು. ಕಿವಿಗೆ ಏನೂ ಕೇಳಲಿಲ್ಲ, ಕೈಗೆ ಮಾತ್ರ ಗೊತ್ತಾಯಿತು. ಸಣ್ಣದಾಗಿ, ಒರಟುತನವಿಲ್ಲದೆ, ಮೂರು ಸಲ. ದೊಡ್ಡವರ ಕೋಣೆಯ ಬಾಗಿಲು ತಟ್ಟುವವರು ತಟ್ಟುವ ಹಾಗೆ.

ಮೇಷ್ಟ್ರು ಕೈ ತೆಗೆಯಲಿಲ್ಲ. ತೆಗೆಯಲಾಗಲಿಲ್ಲ. "ಸರಿ, ಸರಿ," ಎಂದು ಯಾರಿಗೋ ಹೇಳಿದರು. ಹಾಕಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದರು.

ಶನಿವಾರ ಆಕೆ ಬಂದಾಗ ಯಂತ್ರ ತಳ ತೆರೆದುಕೊಂಡೇ ಮಗುಚಿ ಬಿದ್ದಿತ್ತು. ಮೇಷ್ಟ್ರು ಪೀಠಿಕೆ ಹಾಕಲಿಲ್ಲ.

"ನಿಮ್ಮ ಯಜಮಾನ್ರು ಬರೆದಿದ್ದೇ ಸರಿ. ಎಡ ಬಲ ಗೊತ್ತಾಗ್ದೆ ಹೋಗಿದ್ದು ನಂಗೆ. ಅವ್ರು ಮೂರು ಸಲ ಬರೆದು ಹೇಳಿದ್ರು, ನಾನು ಒಡೆದೂ ನೋಡ್ಲಿಲ್ಲ."

ತಾವು ಬರೆದಿಟ್ಟ ಒಂದು ಪುಟವನ್ನು ಓದಿ ಹೇಳಿದರು. ಅದು ಅಚ್ಚಾಗದಿದ್ದರೆ ಪಟ್ಟಿಯೂ ಇಲ್ಲ ಎಂದು ಸಂಪಾದಕರಿಗೆ ಬೆಳಿಗ್ಗೆಯೇ ತಿಳಿಸಿಯಾಗಿತ್ತು. ಅವರು ಹತ್ತು ನಿಮಿಷ ಕೂಗಾಡಿ, ಆಮೇಲೆ ಒಪ್ಪಿದ್ದರು. ಮುಖಪುಟದ ಚಿತ್ರ ಮಾತ್ರ ಬೇಡ ಎಂದಿದ್ದರು. ಆಕೆ ಪುಟವನ್ನು ಪೂರ್ತಿ ಕೇಳಿಸಿಕೊಂಡರು. ಅಳಲಿಲ್ಲ. ಆ ಬೆಸುಗೆ ಎಲ್ಲಿ ಎಂದಷ್ಟೇ ಕೇಳಿದರು. ಮೇಷ್ಟ್ರು ದೀಪ ಹಿಡಿದು ತೋರಿಸಿದರು.

ಆಕೆ ಕೈಚೀಲದಿಂದ ಬೆರಳುದ್ದದ ಪೆನ್ಸಿಲ್ ತುಂಡು ತೆಗೆದು, ಯಂತ್ರಕ್ಕೆ ಕರೆಂಟು ಕೊಡಿ ಎಂದರು. ಮೇಷ್ಟ್ರು ಕೊಟ್ಟರು. ಆಕೆ ಪೆನ್ಸಿಲಿನ ಹಿಂತುದಿಯಿಂದ ಆ ಬೆಸುಗೆಯ ಮೇಲೆ ಮೂರು ಸಲ ತಟ್ಟಿ, ತಲೆ ವಾಲಿಸಿ, ಬಲಗಡೆಯ ಸ್ಪೀಕರಿನ ಕಡೆ ಕಿವಿ ಕೊಟ್ಟರು. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಹೆಂಡತಿಯೂ ಕೇಳಿದಳು.

"ಏನೂ ಕೇಳ್ತಿಲ್ಲ, ಅಲ್ವಾ ಸಾರ್?"

"ಇಲ್ಲ."

"ಹಾಗಾದ್ರೆ ಸರಿ ಇದೆ."

ಪೆನ್ಸಿಲ್ಲನ್ನು ಮೇಷ್ಟ್ರ ಕಡೆ ಚಾಚಿ, ಈ ವರ್ಷದ್ದನ್ನು ಯಾರೂ ಬರೆದಿಲ್ಲ ಎಂದರು. ಮೇಷ್ಟ್ರು ಬಗ್ಗಿ, ಹನ್ನೊಂದನೆಯ ಸಾಲಿನ ಕೆಳಗೆ ಆ ದಿನದ ತಾರೀಖು ಹಾಕಿ, ಬಲ ೩, ಸರಿ ಇದೆ ಎಂದು ಬರೆದರು. ಆಮೇಲೆ ತಳ ಮುಚ್ಚಿ, ಕಂಬಳಿ ಸುತ್ತಿ, ಮೂವರೂ ಸೇರಿ ಅದನ್ನು ಮೆಟ್ಟಿಲಿಳಿಸಿ ಗಾಡಿಯಲ್ಲಿ ಇಟ್ಟರು. ಪೆನ್ಸಿಲ್ ತುಂಡು ಮೇಜಿನ ಮೇಲೆಯೇ ಉಳಿದದ್ದು ಗಾಡಿ ಹೋದ ಮೇಲೆ ಗೊತ್ತಾಯಿತು.

ಹೆಂಡತಿ ಮೇಲೆ ಬಂದವಳೇ ಸ್ವಲ್ಪ ಅಡ್ಡಾಗುತ್ತೇನೆ ಎಂದು ಒಳಗೆ ಹೋದಳು. ಮೇಷ್ಟ್ರು ಸ್ಪೀಕರ್ ತಂತಿ ಸುತ್ತಿಟ್ಟು, ಖಾಲಿ ಮೇಜು ಒರೆಸಿ, ಕುರ್ಚಿಯಲ್ಲಿ ಕೂತರು. ಎಷ್ಟೋ ದಿನದ ಮೇಲೆ ಮೈ ಹಗುರವಾಗಿತ್ತು. ಕೋಣೆಯಲ್ಲಿ ಈಗ ಕರೆಂಟು ಹರಿಯುವ ಯಾವ ಯಂತ್ರವೂ ಇರಲಿಲ್ಲ. ಬಿಸಿಲು ಮೆಲ್ಲಗೆ ಮೇಜಿನ ಅರ್ಧಕ್ಕೆ ಬಂತು.

ಟಕ್, ಟಕ್, ಟಕ್.

ಬೀರುವಿನ ಕಡೆಯಿಂದ. ಮೇಷ್ಟ್ರು ಆ ಕಡೆ ತಲೆ ವಾಲಿಸಿದರು. ಮತ್ತೆ ಮೂರು, ಆದರೆ ಮೊದಲಿನ ಜಾಗದಲ್ಲಲ್ಲ, ಒಂದು ಬೆರಳಿನಷ್ಟು ಪಕ್ಕಕ್ಕೆ. ಮತ್ತೆ ಇನ್ನೊಂದು ಬೆರಳು ಪಕ್ಕಕ್ಕೆ.

ಅವರು ಎದ್ದು ಹೋಗಿ ಕೆಳಗಿನ ಅರೆ ತೆರೆದರು. ದೂರಿನ ಪೆಟ್ಟಿಗೆಯಲ್ಲಿ ಆ ಮೂರು ತೆಗೆದ ಮೇಲೂ ಲಕೋಟೆಗಳು ಒತ್ತೊತ್ತಾಗಿ ನಿಂತಿದ್ದವು, ಬೇರೆ ಬೇರೆ ಕೈಬರಹ, ಬೇರೆ ಬೇರೆ ವರ್ಷ, ಒಂದೂ ಒಡೆದಿರಲಿಲ್ಲ. ಮೇಷ್ಟ್ರು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲೆ ಇಟ್ಟರು. ಕುರ್ಚಿ ಹತ್ತಿರ ಎಳೆದುಕೊಂಡರು. ಡ್ರಾಯರಿನಿಂದ ಬ್ಲೇಡು ತೆಗೆದು, ಮೊದಲ ಲಕೋಟೆಯ ಅಂಚನ್ನು ಸೀಳಿದರು.